32 ಕಿಲೋಬೈಟಿನ ಸಂಸಾರ

ಗುಂಡಿಯನ್ನು ಒತ್ತಿದೊಡನೆ ಒಂದು ಮಂದ್ರಸ್ವರವೂ ಅದರ ಬೆನ್ನಿಗೇ ಒಂದು ತಾರಸ್ವರವೂ ಕೇಳಿಬಂದು, ಕಪ್ಪು ತೆರೆಯ ಮೇಲೆ ಯಂತ್ರದ ಹೆಸರು, ಅದರ ಕೆಳಗೆ ‘ಬೇಸಿಕ್’ ಎಂಬ ಮಾತು, ಅದಕ್ಕೂ ಕೆಳಗೆ ಬಾಣದ ಮೊನೆಯಂಥದೊಂದು ಗುರುತು ಮೂಡಿ ನಿಲ್ಲುತ್ತಿತ್ತು. ಆ ಮೊನೆಯ ಮುಂದೆ ನಾವು ಏನನ್ನು ಬರೆದರೂ ಯಂತ್ರವು ಅದನ್ನು ಆಜ್ಞೆಯೆಂದೇ ಭಾವಿಸಿ, ಅರ್ಥವಾದರೆ ನಡೆಸುತ್ತಿತ್ತು. ಆಗದಿದ್ದರೆ ‘ಮಿಸ್ಟೇಕ್’ ಎಂದು ನಿರ್ದಾಕ್ಷಿಣ್ಯವಾಗಿ ತಿಳಿಸಿ ಮುಂದಿನ ಆಜ್ಞೆಗಾಗಿ ಕಾದಿರುತ್ತಿತ್ತು.

ದೂರದರ್ಶನದ ಮೂಲಕ ಜನಸಾಮಾನ್ಯರಿಗೆ ಗಣಕವಿದ್ಯೆಯನ್ನು ಬೋಧಿಸಬೇಕೆಂದು ಸಂಕಲ್ಪಿಸಿದ ಬಿಬಿಸಿಗಾಗಿ ಕೇಂಬ್ರಿಜ್ಜಿನ ಏಕಾರ್ನ್ ಸಂಸ್ಥೆಯು 1981ರಲ್ಲಿ ನಿರ್ಮಿಸಿಕೊಟ್ಟ ‘ಬಿಬಿಸಿ ಮೈಕ್ರೋ’ ಎಂಬ ಯಂತ್ರವಿದು. 1984ರಲ್ಲಿ ಆರಂಭವಾದ ‘ಕ್ಲಾಸ್’ ಎಂಬ ಗಣಕ ಸಾಕ್ಷರತಾ ಯೋಜನೆಯ ದೆಸೆಯಿಂದ ಅದು ಭಾರತದ ಆಯ್ದ ಶಾಲೆಗಳಿಗೂ ಬಂದಿತು. ನಾವು ಪಾದರಕ್ಷೆಗಳನ್ನು ಹೊಸಲಿನಾಚೆ ಬಿಟ್ಟು, ಹೊದಿಸಿದ್ದ ಬಟ್ಟೆಯನ್ನು ಅಧ್ಯಾಪಕರು ಸರಿಸುವವರೆಗೆ ಕೈಕಟ್ಟಿ ನಿಂತಿರುತ್ತಿದ್ದೆವು. ವಾರಕ್ಕೊಮ್ಮೆ ಲಭಿಸುತ್ತಿದ್ದ ಆ ದರ್ಶನದಲ್ಲಿ ಕೀಲಿಮಣೆಯನ್ನು ಮುಟ್ಟುವ ಭಾಗ್ಯ ನಾಲ್ವರಲ್ಲಿ ಒಬ್ಬನಿಗೆ. ಅನಂತರ ಪ್ರೋಗ್ರಾಂ ಬರೆಯುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡ ನಾನು ಈಚೆಗೆ ಅಂಥದೊಂದು ಯಂತ್ರವನ್ನು ಸಂಪಾದಿಸಿ, ಸಂಜೆಯ ಹೊತ್ತು ಅದರ ಮುಂದೆ ಕೂರುವುದನ್ನು ಕಂಡವರು ಇದು ಬಾಲ್ಯದ ವ್ಯಾಮೋಹವೆನ್ನುತ್ತಾರೆ. ವ್ಯಾಮೋಹವಿಲ್ಲವೆನ್ನಲಾರೆ, ಆದರೆ ನನ್ನನ್ನು ಅಲ್ಲಿ ಕಟ್ಟಿಹಾಕಿರುವುದು ಆ ಯಂತ್ರದೊಳಗಿನ ಸಂಸಾರವಷ್ಟೂ ಒಬ್ಬ ಮನುಷ್ಯನ ತಲೆಯಲ್ಲಿ ಹಿಡಿಸೀತೆಂಬ ಸುಖ.

ಅದರ 6502 ಪ್ರೊಸೆಸರು ಗುರುತಿಸಬಲ್ಲ ಸ್ಥಾನಗಳು ಒಟ್ಟು 65,536. ಅವುಗಳಲ್ಲಿ ಅರ್ಧ, ಎಂದರೆ 32 ಕಿಲೋಬೈಟು, ನಾವು ಬರೆದು ಅಳಿಸಬಹುದಾದ ನೆನಪು. ಮಿಕ್ಕುದರಲ್ಲಿ 16 ಕಿಲೋಬೈಟು ಬೇಸಿಕ್ ಭಾಷೆಗೆ, 16 ಕಿಲೋಬೈಟು ಆಪರೇಟಿಂಗ್ ಸಿಸ್ಟಮಿಗೆ. ಭಾಷೆಯೂ ಸಿಸ್ಟಮ್ಮೂ ಚಿಪ್ಪುಗಳಲ್ಲಿ ಅಚ್ಚಾಗಿಯೇ ಬಂದವು. ಅಳಿಯುವ ಮೊದಲನೆಯದನ್ನು ಸ್ಮೃತಿಯೆಂದೂ ತಿದ್ದಲಾಗದ ಎರಡನೆಯದನ್ನು ಶ್ರುತಿಯೆಂದೂ ಕರೆದರೆ ಪಂಡಿತರು ಕೋಪಿಸಿಕೊಳ್ಳಲಾರರೆಂದು ನಂಬಿದ್ದೇನೆ. ಬೆರಳು ಯಾವ ಕೀಲಿಯ ಮೇಲೆ ಬಿದ್ದಿತು, ಅಕ್ಷರವು ತೆರೆಯಲ್ಲಿ ಎಲ್ಲಿ ಮೂಡಬೇಕು, ಕ್ಯಾಸೆಟ್ಟಿನ ಕೀರಲುದನಿಯಿಂದ ಪ್ರೋಗ್ರಾಮನ್ನು ಹೇಗೆ ಓದಿಕೊಳ್ಳಬೇಕು ಎಂಬ ಮನೆವಾರ್ತೆಯೆಲ್ಲ ಆಪರೇಟಿಂಗ್ ಸಿಸ್ಟಮಿನದು. ಲೆಕ್ಕ ಮಾಡುವುದು, ಷರತ್ತುಗಳನ್ನು ತೂಗಿನೋಡುವುದು ಭಾಷೆಯ ಕೆಲಸ. ಇಂದಿನ ಯಂತ್ರಗಳಲ್ಲಿ ಈ ಎರಡರ ನಡುವಣ ಗಡಿ ಪದರಪದರಗಳ ಕೆಳಗೆ ಹೂತುಹೋಗಿದೆ; ಅಲ್ಲಿಯಾದರೋ ಅದು ಒಂದೇ ಒಂದು ನಕ್ಷತ್ರಚಿಹ್ನೆ. ಸಾಲಿನ ಮೊದಲಲ್ಲಿ ನಕ್ಷತ್ರವನ್ನಿಟ್ಟರೆ ಬೇಸಿಕ್ ಆ ಸಾಲನ್ನು ತಾನು ಅರ್ಥೈಸುವ ಗೋಜಿಗೆ ಹೋಗದೆ ಸಿಸ್ಟಮಿಗೆ ದಾಟಿಸಿಬಿಡುತ್ತಿತ್ತು.

ಈ ಗಡಿ ಸ್ಪಷ್ಟವಾಗಿದ್ದುದರಿಂದಲೇ, ಪಕ್ಕದ ಕುಳಿಯಲ್ಲಿ ಫೋರ್ತ್, ಲಿಸ್ಪ್ ಅಥವಾ ಬಿಸಿಪಿಎಲ್ ಭಾಷೆಯ ಚಿಪ್ಪನ್ನು ಕೂರಿಸಿದರೆ ಬೇಸಿಕ್ ಸುಮ್ಮನೆ ಸರಿದು ಅದಕ್ಕೆ ಜಾಗ ಬಿಡುತ್ತಿತ್ತು. ಬಿಸಿಪಿಎಲ್ ಸಾಮಾನ್ಯ ಭಾಷೆಯಲ್ಲ: ಕೇಂಬ್ರಿಜ್ಜಿನಲ್ಲೇ ಮಾರ್ಟಿನ್ ರಿಚರ್ಡ್ಸ್ 1960ರ ದಶಕದಲ್ಲಿ ರೂಪಿಸಿದ ಅದರಿಂದ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್‌ರ ‘ಬಿ’ ಹುಟ್ಟಿತು, ಬಿಯಿಂದ ಡೆನ್ನಿಸ್ ರಿಚೀಯವರ ‘ಸಿ’; ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮನ್ನು 1973ರಲ್ಲಿ ಮರಳಿ ಬರೆದುದು ಆ ಸಿಯಲ್ಲಿ. ಮೊಮ್ಮಗಳು ಜಗತ್ತನ್ನಾಳತೊಡಗಿದ ಮೇಲೂ ಅಜ್ಜಿ ತವರೂರಿನ ಈ ಪುಟ್ಟ ಮನೆಯಲ್ಲಿ ಒಂದು ಕೋಣೆ ಉಳಿಸಿಕೊಂಡಿದ್ದಳು.

ಆ ಮನೆಯ ಜಮಾಖರ್ಚು ಬಲು ಬಿಗಿ. ಅಡ್ಡಕ್ಕೆ 640, ಉದ್ದಕ್ಕೆ 256 ಚುಕ್ಕೆಗಳ ಚಿತ್ರ ಬೇಕೆಂದರೆ 20 ಕಿಲೋಬೈಟು ತೆರೆಗೇ ಸಂದಾಯ. ಸಿಸ್ಟಮಿನ ಕೈಖರ್ಚಿಗೆ 3.5, ನಮಗೆ ಉಳಿಯುತ್ತಿದ್ದುದು 8.5. ಇದೇ ಯಂತ್ರದ ಮೇಲೆ ಡೇವಿಡ್ ಬ್ರೇಬೆನ್, ಇಯಾನ್ ಬೆಲ್ ಎಂಬ ಇಬ್ಬರು ಕೇಂಬ್ರಿಜ್ ವಿದ್ಯಾರ್ಥಿಗಳು 1984ರಲ್ಲಿ ‘ಎಲೀಟ್’ ಎಂಬ ಆಟವನ್ನು ರಚಿಸಿ, ಎಂಟು ಬ್ರಹ್ಮಾಂಡಗಳನ್ನೂ ಒಂದೊಂದರಲ್ಲಿ 256 ನಕ್ಷತ್ರಗಳನ್ನೂ ಅದರೊಳಗೆ ತುಂಬಿದರು. ತುಂಬಿದರೆಂಬುದು ತಪ್ಪು, ಅವರು ಇಟ್ಟುಕೊಂಡುದು ಮೂರು ಸಂಖ್ಯೆಗಳ ಒಂದು ಬೀಜವನ್ನು ಮಾತ್ರ. ಅದನ್ನು ಕೂಡಿ ಮಡಿಸಿ ಕೂಡಿದಂತೆ ನಕ್ಷತ್ರದ ಸ್ಥಾನ, ಹೆಸರು, ಅಲ್ಲಿನ ರಾಜ್ಯಪದ್ಧತಿ ಎಲ್ಲವೂ ಪ್ರತಿಸಲವೂ ಹಾಗೆಯೇ ಮೊಳೆತು ಬರುತ್ತಿದ್ದವು.

ಹಾಗೆಂದು ಅದೇ ಸ್ವರ್ಣಯುಗವೆಂಬ ಮಾತಿಗೆ ನನ್ನ ಸಮ್ಮತಿಯಿಲ್ಲ. ತಪ್ಪು ಸ್ಥಾನದಲ್ಲಿ ಒಂದು ಸಂಖ್ಯೆಯನ್ನಿಟ್ಟರೆ ತಡೆಯುವ ಗೋಡೆಯಿಲ್ಲದೆ ಇಡೀ ಯಂತ್ರವೇ ಸ್ತಬ್ಧವಾಗುತ್ತಿತ್ತು. ಇಂದಿನ ಸಿಸ್ಟಮುಗಳ ದಪ್ಪ ಪದರಗಳೆಷ್ಟೋ ಅಂಥ ಸಂಕಟಗಳನ್ನು ತಡೆಯುವುದಕ್ಕಾಗಿ ಕಟ್ಟಿದವು. ನಮ್ಮ ಭಾಷೆಗೂ ಅಲ್ಲಿ ಎಡೆಯಿರಲಿಲ್ಲ. ಅಕ್ಷರಕ್ಕೆ ಎಂಟಡ್ಡ ಎಂಟು ಚುಕ್ಕೆಗಳ ಚೌಕ. ಹೊಸ ಅಕ್ಷರವನ್ನು ನಾವೇ ಬರೆದುಕೊಳ್ಳಲು ಅನುಮತಿಯಿದ್ದುದರಿಂದ ಲೆಕ್ಕದ ಪುಸ್ತಕದ ಚೌಕಗಳಲ್ಲಿ ‘ಕ’ವನ್ನು ಹೇಗೋ ಕೂರಿಸಿದೆ, ಒತ್ತಕ್ಷರಕ್ಕೆ ಮಾತ್ರ ಕೆಳಗೆ ನೆಲವೇ ಇರಲಿಲ್ಲ. ಆದರೂ ಈ ಯಂತ್ರದ ಬೇಸಿಕ್ ರಚಿಸಿದ ಸೋಫಿ ವಿಲ್ಸನ್, ಸ್ಟೀವ್ ಫರ್ಬರರೊಡನೆ ಹೊಸ ಪ್ರೊಸೆಸರೊಂದನ್ನು ನಿರ್ಮಿಸಹೊರಟಾಗ ಅದರ ಪ್ರತಿಕೃತಿಯನ್ನು ಮೊದಲು ಬರೆದು ಪರೀಕ್ಷಿಸಿದುದು ಇದೇ ಭಾಷೆಯಲ್ಲಿ. 1985ರ ಏಪ್ರಿಲಿನಲ್ಲಿ ಕಣ್ದೆರೆದ ಆ ‘ಆರ್ಮ್’ನ ಸಂತತಿಯೇ ಇಂದು ನಮ್ಮ ಜೇಬಿನ ಮೊಬೈಲಿನಲ್ಲಿದೆ.

ಬೇಸಿಕ್‌ನಲ್ಲಿ ‘ನ್ಯೂ’ ಎಂದರೆ ಬರೆದ ಪ್ರೋಗ್ರಾಮೆಲ್ಲ ಮಾಯವಾಗುತ್ತದೆ. ವಾಸ್ತವವಾಗಿ ಅದು ಅಳಿಸುವುದು ತೀರ ಅಲ್ಪ. ಪ್ರೋಗ್ರಾಮಿನ ಆರಂಭದಲ್ಲಿಯೇ ಮುಗಿಯಿತೆಂಬ ಗುರುತನ್ನು ಹಾಕಿಬಿಡುತ್ತದೆ, ಅಷ್ಟೆ. ಕೂಡಲೇ ‘ಓಲ್ಡ್’ ಎಂದು ಆಜ್ಞಾಪಿಸಿದರೆ ಆ ಗುರುತು ಹೋಗಿ ಹಳೆಯದು ಹಿಂದಿರುಗುತ್ತದೆ. ಅಷ್ಟರೊಳಗೆ ಹೊಸ ಸಾಲೊಂದನ್ನು ಬರೆದಿದ್ದರೆ ಇಲ್ಲ. ಮೊನ್ನೆ ಸಂಜೆ ಕೈತಪ್ಪಿ ‘ನ್ಯೂ’ ಎಂದು ಕೊಟ್ಟು, ಅಭ್ಯಾಸಬಲದಿಂದ ಹತ್ತು ಎಂಬ ಸಂಖ್ಯೆಯ ಮೊದಲ ಸಾಲನ್ನು ಹೊಸದಾಗಿ ಬರೆಯಹೊರಟ ಬೆರಳನ್ನು ಕೀಲಿಯ ಮೇಲೆಯೇ ತಡೆದು, ಓಲ್ಡ್ ಎಂದೆ. ಪಟ್ಟಿ ಕೇಳಿದೆ. ಹತ್ತರಿಂದ ಮೊದಲುಗೊಂಡು ಸಾಲುಗಳೆಲ್ಲವೂ ಅಲ್ಲಿಯೇ ಇದ್ದವು.