ಬಯಸಿದ ಬಸಿರು, ಉಣಿಸುವ ಹಾಲು

ಕನ್ನಡದಲ್ಲಿ ‘ಬಯಕೆ’ ಎಂಬ ಪದಕ್ಕೆ ಬಸುರಿಯ ನಾಲಗೆ ಬೇಡುವ ರುಚಿ ಎಂಬ ವಿಶೇಷಾರ್ಥವೂ ಉಂಟು. ಆ ಬಯಕೆಯನ್ನು ಮನೆಮಂದಿ ಕೇಳಿ ತೀರಿಸುತ್ತಾರೆ. ಬಸಿರೇ ಬಯಸಿದ್ದಾಗಿತ್ತೆ ಎಂದು ಕೇಳುವವರು ವಿರಳ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅದನ್ನು ಕೇಳುತ್ತದೆ: ಗರ್ಭ ನಿಂತಾಗ ಅದು ಆಗಲೇ ಬೇಕಿತ್ತೆ, ಮುಂದೆಂದಾದರೂ ಬೇಕಿತ್ತೆ, ಅಥವಾ ಬೇಡವೇ ಆಗಿತ್ತೆ? ಎರಡನೆಯದು ಅಕಾಲದ ಬಸಿರು, ಮೂರನೆಯದು ಬೇಡದ ಬಸಿರು.

ಈ ಉತ್ತರಕ್ಕೂ ಮಗುವಿಗೆ ದೊರೆಯುವ ಹಾಲಿಗೂ ಸಂಬಂಧವಿದೆಯೆ? ಹುಟ್ಟಿದ 1 ಗಂಟೆಯೊಳಗೆ ಮೊಲೆಯೂಡಿಸಬೇಕು, ಮೊದಲ 6 ತಿಂಗಳು ಎದೆಹಾಲನ್ನಷ್ಟೇ ಕೊಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2019–21ರ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮೊದಲ ಗಂಟೆಯೊಳಗೆ ಎದೆಹಾಲು ದೊರೆತದ್ದು ಶೇ. 41.8ರಷ್ಟು ಮಕ್ಕಳಿಗೆ ಮಾತ್ರ. 6 ತಿಂಗಳೊಳಗಿನ ಶಿಶುಗಳಲ್ಲಿ ಎದೆಹಾಲನ್ನಷ್ಟೇ ಕುಡಿಯುತ್ತಿದ್ದವರು ಶೇ. 63.7. ಬಯಸದೆ ಬಂದ ಬಸಿರಿನಲ್ಲಿ ಹಾಲೂಡಿಕೆ ತಡವಾಗಿ ತೊಡಗಿ ಬೇಗ ನಿಲ್ಲುವುದು ಹೆಚ್ಚೆಂದು ವಿವಿಧ ದೇಶಗಳ ಹಲವು ಅಧ್ಯಯನಗಳು ಕಂಡಿವೆ. ಆದರೆ ತಾಯಿಯ ವಯಸ್ಸು, ಓದು, ಆದಾಯಗಳನ್ನು ಲೆಕ್ಕಕ್ಕೆ ಹಿಡಿದಾಗ ಈ ನಂಟು ಅನೇಕ ಕಡೆ ಸಡಿಲಗೊಳ್ಳುತ್ತದೆ.

ಕಾರಣ ಸ್ಪಷ್ಟ. ಬಯಸಿದ ಬಸಿರಿಗೆ ಸಿದ್ಧತೆಯ ಕಾಲಾವಕಾಶವಿರುತ್ತದೆ. ತಪಾಸಣೆಗೆ ಬೇಗ ಹೋದವಳಿಗೆ ಮೊದಲ ಹಾಲಿನ ಮಹತ್ವವನ್ನು ತಿಳಿಯುವ ಅವಕಾಶ ಹೆಚ್ಚು. ಅಕಾಲದ ಬಸಿರು ತಡವಾಗಿ ಅರಿವಿಗೆ ಬರಬಹುದು. ಬಾಣಂತನ ಮುಗಿಯುವ ಮೊದಲೇ ಕೂಲಿಗೆ ಮರಳಬೇಕಾಗಬಹುದು. ಅದು ಬೇಗನೆ ಬಂದದ್ದಾದರೆ, ಇನ್ನೂ ಮೊಲೆ ಕುಡಿಯುತ್ತಿರುವ ಹಿರಿಯ ಕೂಸಿನ ಹಾಲೂ ನಿಲ್ಲುವುದುಂಟು. ಹೀಗೆ ಬಯಕೆಯ ಪ್ರಶ್ನೆ ಎರಡು ಮಕ್ಕಳ ಪೋಷಣೆಯನ್ನು ತಟ್ಟುತ್ತದೆ.

ಉತ್ತರವನ್ನೂ ಎಚ್ಚರದಿಂದ ಓದಬೇಕು. ಸಮೀಕ್ಷೆ ಪ್ರಶ್ನಿಸುವುದು ಹೆರಿಗೆಯ ತರುವಾಯ. ಮಡಿಲಲ್ಲಿ ಮಗುವನ್ನಿರಿಸಿಕೊಂಡು ‘ಬೇಡವಾಗಿತ್ತು’ ಎನ್ನಲು ತಾಯಿಯ ನಾಲಗೆ ಏಳದಿರಬಹುದು. ಬಸಿರನ್ನು ಬಯಸದಿದ್ದವಳು ಮಗುವನ್ನು ಒಲಿಯಲಾರಳೆಂಬ ನಿಯಮವಿಲ್ಲ. ಬಯಸಿ ಹಡೆದವಳಿಗೂ ಹಾಲೂಡಿಸುವುದು ಕಷ್ಟವಾಗಬಹುದು.

ಆದುದರಿಂದ ಹಾಲಿನಿಂದ ಒಲವನ್ನು ಅಳೆಯುವುದು ಅನ್ಯಾಯ. ಬಸಿರಿನ ಕಾಲವನ್ನು ಹೆಣ್ಣೇ ನಿರ್ಧರಿಸುವ ಅನುಕೂಲ, ಮೊದಲ ಗಂಟೆಯಲ್ಲಿ ನೆರವಿನ ಕೈ, ದುಡಿಯುವವಳಿಗೆ ಬಿಡುವು ಇವುಗಳೇ ಹಾಲೂಡಿಕೆಯ ಆಧಾರ. ಕಾಸರಗೋಡು, ಜತ್ತಗಳಂತಹ ಗಡಿನಾಡುಗಳಲ್ಲಿ ಇನ್ನೊಂದೂ ಬೇಕು: ಮಲಯಾಳದಲ್ಲೋ ಮರಾಠಿಯಲ್ಲೋ ಬರುವ ಆರೋಗ್ಯದ ಹಿತವಚನ ಕನ್ನಡದ ಬಾಣಂತಿಗೆ ಅವಳ ಮನೆಮಾತಿನಲ್ಲೇ ತಲುಪಬೇಕು. ಕನ್ನಡವನ್ನು ಓದುವವರು ಕೈಜೋಡಿಸಬಹುದಾದ ಕೆಲಸವಿದು.