ಉಪ್ಪು, ಸಕ್ಕರೆ ಮತ್ತು ಸಣ್ಣ ಕರುಳು

ವಯಸ್ಕ ಮನುಷ್ಯನ ಹೊಟ್ಟೆಗೆ ಅನ್ನಪಾನಗಳ ಮೂಲಕ ದಿನಕ್ಕೆ ಸುಮಾರು 2 ಲೀಟರ್ ನೀರು ಸೇರಿದರೆ, ಜೊಲ್ಲು, ಜಠರರಸ, ಪಿತ್ತರಸ ಮೊದಲಾದ ದೇಹದ್ದೇ ಸ್ರಾವಗಳ ರೂಪದಲ್ಲಿ ಇನ್ನೂ ಸುಮಾರು 7 ಲೀಟರ್ ದ್ರವ ಅದೇ ನಾಳಕ್ಕೆ ಸುರಿಯುತ್ತದೆ. ಇಷ್ಟರಲ್ಲಿ ಮಲದೊಂದಿಗೆ ಹೊರಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ. ಉಳಿದುದನ್ನು ಕರುಳು, ಅದರಲ್ಲೂ ಸಣ್ಣ ಕರುಳು, ಮರಳಿ ರಕ್ತಕ್ಕೆ ಸೇರಿಸುತ್ತದೆ.

ಇಷ್ಟು ನೀರನ್ನು ಹೀರುವ ಕರುಳಿನಲ್ಲಿ ನೀರಿಗೆಂದೇ ಇರುವ ಪಂಪು ಒಂದೂ ಇಲ್ಲ. ಕರಗಿದ ಲವಣಗಳು ಎತ್ತ ಸಾಗುತ್ತವೆಯೋ ಅತ್ತ ನೀರು ಹರಿಯುತ್ತದೆ. ಅಭಿಸರಣೆ ಎಂದು ಶಾಲೆಯ ಪುಸ್ತಕಗಳು ಹೇಳುವುದು ಇದನ್ನೇ. ಹೀಗಾಗಿ ಕರುಳಿನ ಕೆಲಸವೆಲ್ಲ ಸೋಡಿಯಂ ಅನ್ನು ಸಾಗಿಸುವುದರಲ್ಲಿದೆ. ಕರುಳಿನ ಒಳಪದರದ ಜೀವಕೋಶಗಳು ತಮ್ಮೊಳಗಿನ ಸೋಡಿಯಂ ಅನ್ನು ಶಕ್ತಿ ವ್ಯಯಿಸಿ ರಕ್ತದ ಕಡೆಗೆ ದಬ್ಬುತ್ತಲೇ ಇರುವುದರಿಂದ ಕೋಶದೊಳಗೆ ಅದರ ಕೊರತೆ ಉಂಟಾಗಿ, ಕರುಳಿನ ಟೊಳ್ಳಿನಲ್ಲಿರುವ ಸೋಡಿಯಂ ಒಳಬರಲು ಹವಣಿಸುತ್ತದೆ. ಆದರೆ ಪೊರೆಯನ್ನು ದಾಟಲು ಅದಕ್ಕೆ ವಾಹಕ ಪ್ರೋಟೀನುಗಳ ನೆರವು ಬೇಕು. ಅವುಗಳಲ್ಲೊಂದು ಸೋಡಿಯಂನ ಎರಡು ಅಯಾನುಗಳನ್ನು ಗ್ಲೂಕೋಸಿನ ಒಂದು ಅಣುವಿನೊಡನೆ ಜೊತೆಯಾಗಿಯೇ ಒಳಗೊಯ್ಯುತ್ತದೆ. ಇಂತಹ ಜೊತೆಸಾಗಣೆಯ ಕಲ್ಪನೆಯನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದ ವಿಜ್ಞಾನ ಸಭೆಯೊಂದರಲ್ಲಿ ಮಂಡಿಸಿದರು.

ಅದಕ್ಕೂ ಒಂದು ವರ್ಷ ಮೊದಲು ಕಲ್ಕತ್ತೆಯ ಶಂಭುನಾಥ ಡೇ, ಕಾಲರಾ ರೋಗಾಣು ಹೊರಸೂಸುವ ವಿಷವೇ ಭೇದಿಗೆ ಕಾರಣವೆಂದು ತೋರಿಸಿದ್ದರು. ಈ ವಿಷವು ಕೋಶಗಳನ್ನು ಕೊಲ್ಲುವುದಿಲ್ಲ. ಅವು ಕ್ಲೋರೈಡನ್ನು ಎಡೆಬಿಡದೆ ಹೊರಸುರಿಯುವಂತೆ ಮಾಡುತ್ತದೆ, ಅದರ ಬೆನ್ನಿಗೆ ಸೋಡಿಯಂ, ಸೋಡಿಯಂನ ಬೆನ್ನಿಗೆ ನೀರು ಹೊರಟುಹೋಗುತ್ತವೆ. ಬರಿಯ ಉಪ್ಪನ್ನು ಹೀರುವ ಮುಖ್ಯ ದಾರಿಯೂ ಆಗ ಮುಚ್ಚಿಕೊಳ್ಳುವುದರಿಂದ ಉಪ್ಪುನೀರು ಕುಡಿಸಿ ಪ್ರಯೋಜನವಿಲ್ಲ. ಗ್ಲೂಕೋಸಿನೊಡನೆ ಸಾಗುವ ದಾರಿಯನ್ನು ಮಾತ್ರ ವಿಷ ಮುಟ್ಟುವುದಿಲ್ಲ. ಭೇದಿಯಾದವರಿಗೆ ನೀರಿನಲ್ಲಿ ಕರಗಿಸಿ ಕುಡಿಸುವ ಉಪ್ಪು–ಗ್ಲೂಕೋಸಿನ ಓಆರ್‌ಎಸ್ ಪುಡಿಯ ಮರ್ಮವೆಲ್ಲ ಇಲ್ಲಿದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಿಂದ ಕಿಕ್ಕಿರಿದಿದ್ದ ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದೆ ಬಂದಾಗ, ವೈದ್ಯ ದಿಲೀಪ್ ಮಹಲನಬಿಸ್ ಉಪ್ಪು–ಗ್ಲೂಕೋಸಿನ ದ್ರಾವಣವನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ 30ರವರೆಗೆ ಏರಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ಇಷ್ಟಾದರೂ ಇಷ್ಟು ಅಗ್ಗದ ಚಿಕಿತ್ಸೆಯನ್ನು ನಂಬಲು ಅನೇಕ ವೈದ್ಯರು ಹಿಂಜರಿದರು.

ಇಲ್ಲಿ ಮುಖ್ಯವಾದುದು ಪ್ರಮಾಣ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಂತೆ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಲವಣಗಳು ಸೇರುತ್ತವೆ. ಸಕ್ಕರೆ ಮಿತಿಮೀರಿದರೆ ಅದು ಕರುಳಿನಲ್ಲೇ ಉಳಿದು ದೇಹದ ನೀರನ್ನು ತನ್ನತ್ತ ಸೆಳೆಯುತ್ತದೆ. ಭೇದಿಯಾದ ಮಗುವಿಗೆ ಅಂಗಡಿಯ ಸಿಹಿ ಪಾನೀಯ ಕುಡಿಸುವುದು ಈ ಕಾರಣಕ್ಕೆ ಹಾನಿಕರ. ಕನ್ನಡನಾಡಿನ ಮನೆಗಳಲ್ಲಿ ಇಂಥ ಹೊತ್ತಿನಲ್ಲಿ ಕೊಡುವ ಉಪ್ಪು ಹಾಕಿದ ಗಂಜಿತಿಳಿಗೆ ಆ ದೋಷವಿಲ್ಲ, ಏಕೆಂದರೆ ಅಕ್ಕಿಯ ಪಿಷ್ಟದ ಉದ್ದನೆಯ ಅಣುಗಳು ನೀರನ್ನು ಅಷ್ಟಾಗಿ ಸೆಳೆಯದೆ, ಕರುಳಿನಲ್ಲಿ ಮೆಲ್ಲಮೆಲ್ಲನೆ ಒಡೆದು, ಸೋಡಿಯಂನ ಜೊತೆಗೆ ಬೇಕಾದಷ್ಟು ಗ್ಲೂಕೋಸನ್ನು ಆಗಾಗಲೇ ಒದಗಿಸುತ್ತವೆ.