ಯಂತ್ರದ ಕೈಗೆ ಒಗ್ಗುವ ವಾಚು

ಕೀ ಕೊಡುವ ಕೈಗಡಿಯಾರದೊಳಗೆ ನೂರರ ಆಸುಪಾಸಿನಷ್ಟು ಬಿಡಿಭಾಗಗಳಿರುತ್ತವೆ. ಅವನ್ನು ಕತ್ತರಿಸಿ ಕೊರೆಯುವ ಕೆಲಸ ಯಂತ್ರಗಳಿಗೆ ಬೇಗ ಒಗ್ಗಿತು. ಕೂಡಿಸುವ ಕೆಲಸ ಮಾತ್ರ ಬಹುಕಾಲ ಮನುಷ್ಯರ ಬೆರಳಲ್ಲೇ ಉಳಿಯಿತು.

ಎಚ್‌ಎಂಟಿ ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಆರಂಭಿಸಿತು. ಮುಂದೆ ತುಮಕೂರಿನಲ್ಲೂ ಅದರ ಕಾರ್ಖಾನೆ ಬಂತು. ಮನೆಮನೆಯ ಹೆಸರಾದ ‘ಜನತಾ’ 17 ಕಲ್ಲಿನ ವಾಚು. ಚಕ್ರಗಳ ಅಚ್ಚಿನ ಕೂದಲೆಳೆಯಂಥ ತುದಿಗಳು ಈ ಕೆಂಪು ಕಲ್ಲುಗಳ ತೂತಿನಲ್ಲಿ ತಿರುಗುತ್ತವೆ. ಇಂಥ ವಾಚನ್ನು ಜೋಡಿಸುವಾಗ ಚಕ್ರಗಳನ್ನು ನಿಲ್ಲಿಸಿ ಮೇಲೆ ಬ್ರಿಡ್ಜ್ ಎಂಬ ತಟ್ಟೆಯನ್ನು ಕೂರಿಸಬೇಕು. ಆಗ ಹಲವು ತುದಿಗಳು ಒಮ್ಮೆಗೇ ತಮ್ಮ ತಮ್ಮ ತೂತಿಗೆ ಇಳಿಯಬೇಕು. ಒಂದು ವಾಲಿದ್ದರೂ ಸ್ಕ್ರೂ ಬಿಗಿದಾಗ ಮುರಿಯುತ್ತದೆ. ಪಳಗಿದ ಕೈ ಚಿಮಟದಿಂದ ಮೆಲ್ಲಗೆ ಅಲುಗಿಸಿ ಇದನ್ನು ಸರಿಪಡಿಸುತ್ತದೆ. ಸ್ಪರ್ಶಜ್ಞಾನವಿಲ್ಲದ ಯಂತ್ರಕ್ಕೆ ಅದು ದುಸ್ಸಾಧ್ಯ. ತೊಡಕಿನ ಮೂಲ ಯಂತ್ರದಲ್ಲಲ್ಲ, ವಸ್ತುವಿನ ವಿನ್ಯಾಸದಲ್ಲಿದೆ.

ಜೋಡಣೆಗೆ ಒಗ್ಗುವ ವಿನ್ಯಾಸವನ್ನು ಶಾಸ್ತ್ರವಾಗಿ ಕಟ್ಟಿದವರು ಅಮೆರಿಕದಲ್ಲಿ ನೆಲೆಸಿದ್ದ ಜೆಫ್ರಿ ಬೂತ್‌ರಾಯ್ಡ್ ಮತ್ತು ಪೀಟರ್ ಡ್ಯೂಹರ್ಸ್ಟ್. ಅವರ ವಿಧಾನ ಪ್ರತಿ ಬಿಡಿಭಾಗಕ್ಕೂ ಮೂರು ಪ್ರಶ್ನೆ ಹಾಕುತ್ತದೆ. ಬಳಕೆಯಲ್ಲಿ ಅದು ಉಳಿದ ಭಾಗಗಳಿಂದ ಬೇರೆಯಾಗಿ ಚಲಿಸಬೇಕೆ? ಬೇರೆಯೇ ವಸ್ತುವಿನದಾಗಿರಬೇಕೆ? ಇತರ ಭಾಗಗಳನ್ನು ಕೂಡಿಸಲು, ಬಿಚ್ಚಲು ಅದು ಬಿಡಿಯಾಗಿಯೇ ಇರಬೇಕೆ? ಮೂರಕ್ಕೂ ‘ಇಲ್ಲ’ ಎಂದಾದರೆ ಅದನ್ನು ಪಕ್ಕದ ಭಾಗದೊಂದಿಗೆ ಒಂದಾಗಿಸಬಹುದು. ಈ ಪರೀಕ್ಷೆಯಲ್ಲಿ ಹೆಚ್ಚಾಗಿ ಸೋಲುವುದು ಸ್ಕ್ರೂ ಮತ್ತು ವಾಷರ್. ಅವುಗಳ ಜಾಗಕ್ಕೆ ಒತ್ತಿದರೆ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಕೊಕ್ಕೆಗಳು ಬರುತ್ತವೆ.

ಉಳಿದ ಭಾಗಗಳು ಯಂತ್ರದ ಕೈಗೆ ಸರಿಯಾದ ಮಗ್ಗುಲಲ್ಲಿ ಸಿಗಬೇಕು. ಕಾರ್ಖಾನೆಗಳಲ್ಲಿ ಇದಕ್ಕೆಂದು ಕಂಪಿಸುವ ಬೋಗುಣಿಗಳಿವೆ. ಒಳಗೆ ಸುರಿದ ಭಾಗಗಳು ಅಂಚಿನ ಸುರುಳಿ ಹಾದಿಯಲ್ಲಿ ಅಲುಗುತ್ತ ಮೇಲೇರುತ್ತವೆ. ಮಗುಚಿಕೊಂಡು ಬಂದವು ದಾರಿಯಲ್ಲೇ ಜಾರಿ ಮತ್ತೆ ತಳಕ್ಕೆ ಬೀಳುತ್ತವೆ. ಎರಡೂ ಕಡೆ ಒಂದೇ ರೀತಿಯಿರುವ ಭಾಗಕ್ಕೆ ಈ ಪಾಡಿಲ್ಲ. ಹಾಗೆ ಮಾಡಲಾಗದಿದ್ದರೆ ವ್ಯತ್ಯಾಸ ಎದ್ದು ಕಾಣಬೇಕು. ಅರೆಬರೆ ಹೋಲಿಕೆಯೇ ಅತಿ ದೊಡ್ಡ ತಲೆನೋವು. ತೆರೆದ ತುದಿಯ ಸ್ಪ್ರಿಂಗುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಆದ್ದರಿಂದ ತುದಿ ಮುಚ್ಚಬೇಕು. ತೂತಿನ ಬಾಯಿ ತುಸು ಇಳಿಜಾರಾಗಿದ್ದರೆ ಕಡ್ಡಿ ತಾನಾಗಿ ಒಳಗಿಳಿಯುತ್ತದೆ.

1983ರಲ್ಲಿ ಮಾರುಕಟ್ಟೆಗೆ ಬಂದ ಸ್ವಿಟ್ಜರ್ಲೆಂಡಿನ ಸ್ವಾಚ್ ವಾಚು ಇದೆಲ್ಲದರ ಸೊಗಸಾದ ಉದಾಹರಣೆ. ಎಲ್ಮಾರ್ ಮೋಕ್ ಮತ್ತು ಜಾಕ್ ಮ್ಯುಲರ್ ಎಂಬ ಎಂಜಿನಿಯರುಗಳು ಪ್ಲಾಸ್ಟಿಕ್ ಕೇಸಿನ ತಳವನ್ನೇ ಯಂತ್ರಭಾಗದ ಆಧಾರತಟ್ಟೆಯಾಗಿಸಿದರು. ಎಲ್ಲವೂ ಮೇಲಿನಿಂದಲೇ ಇಳಿಯುವುದರಿಂದ ವಾಚನ್ನು ನಡುವೆ ತಿರುಗಿಸುವ ಕೆಲಸ ತಪ್ಪಿತು. ಬಿಡಿಭಾಗಗಳು 51ಕ್ಕೆ ಇಳಿದವು. ಗಾಜನ್ನು ಶ್ರವಣಾತೀತ ಕಂಪನದಿಂದ ಬೆಸೆಯಲಾಯಿತು.

ಆ ಬೆಸುಗೆಯೇ ಇದರ ದೊಡ್ಡ ಕೊರತೆ. ಸ್ವಾಚಿನ ಬ್ಯಾಟರಿ ಬದಲಿಸಬಹುದು, ಒಳಗಿನ ಯಂತ್ರವನ್ನು ಬಿಚ್ಚಿ ರಿಪೇರಿ ಮಾಡಲಾಗದು. ಜನತಾ ವಾಚಿನ ಬೆನ್ನು ತೆಗೆದು, ತೊಳೆದು, ಮತ್ತೆ ಓಡಿಸುವುದು ಸಣ್ಣ ಊರಿನ ವಾಚ್ ರಿಪೇರಿಯವರಿಗೂ ಸಾಧ್ಯ. ಬೇಗ ಕೂಡಿಸುವ ಆತುರದಲ್ಲಿ ಬಿಚ್ಚುವ ಹಾದಿಯನ್ನೇ ಮುಚ್ಚಿದ ವಿನ್ಯಾಸವನ್ನು ಪೂರ್ಣ ಎನ್ನಲಾಗದು. ಯುರೋಪಿನ ಒಕ್ಕೂಟ 2023ರಲ್ಲಿ ತಂದ ಬ್ಯಾಟರಿ ನಿಯಮ, ಕೆಲವು ವಿನಾಯಿತಿಗಳ ಹೊರತು, ಕೈಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆಯುವಂತಿರಬೇಕು ಎನ್ನುತ್ತದೆ. 2027ರ ಫೆಬ್ರವರಿಯಿಂದ ಅದು ಅನ್ವಯವಾಗುವುದರಿಂದ, ಅಂಟು ಹಾಕಿ ಮುಚ್ಚಿದ ಎಷ್ಟೋ ಸಾಧನಗಳ ನಕ್ಷೆಗೆ ಸ್ಕ್ರೂ ಮರಳಬಹುದು.